ಸರ್ವರ್ ಆಗಲೇ ಹೇಳಿದೆ, ಕೇಳಿಸಿಕೊಂಡವರಿಲ್ಲ

ಅರ್ಜಿ ತುಂಬಿ ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಕೆಂಪಕ್ಷರದ ಒಂದು ಸಾಲು ಮೂಡುತ್ತದೆ: ‘ಇಮೇಲ್ ಕಳುಹಿಸಲಾಗಲಿಲ್ಲ. ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.’ ಈ ಸಾಲನ್ನು ಬರೆದಿಟ್ಟದ್ದು ಜಾಲತಾಣ ಕಟ್ಟಿದ ಪ್ರೋಗ್ರಾಮರ್, ಅದೂ ಏನು ಕೆಡಬಹುದೆಂದು ಇನ್ನೂ ಗೊತ್ತಿರದ ಕಾಲದಲ್ಲಿ. ಈಗ ನಿಜವಾಗಿ ಏನು ಕೆಟ್ಟಿತು ಎಂಬುದನ್ನು ಎದುರಿನ ಮೇಲ್ ಸರ್ವರ್ ಬಹುಪಾಲು ಸಂದರ್ಭಗಳಲ್ಲಿ ಮೂರಂಕಿಯ ಸಂಖ್ಯೆ ಸಮೇತ ಸ್ಪಷ್ಟವಾಗಿ ಹೇಳಿಬಿಟ್ಟಿರುತ್ತದೆ. ಆ ಮಾತು, ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಕಡತದ ಮೂಲೆಯಲ್ಲಿ ಬಿದ್ದಿರುತ್ತದೆ; ಲಾಗ್ ಬರೆಯುವ ಏರ್ಪಾಡೇ ಇಲ್ಲದಿದ್ದರೆ ಗಾಳಿಗೆ ಹೋಗಿರುತ್ತದೆ. ಆದರೆ ದೂರು ಬಂದ ಕೂಡಲೇ ಹೆಚ್ಚಿನವರು ಪಾಸ್‌ವರ್ಡ್ ಬದಲಿಸುತ್ತಾರೆ, ಪೋರ್ಟ್ (ಸರ್ವರ್‌ನ ಸಂಖ್ಯೆ ಹೊತ್ತ ಬಾಗಿಲು) ಬದಲಿಸುತ್ತಾರೆ, ಕೊನೆಗೆ ಇಮೇಲ್ ಕಳುಹಿಸುವ ಸಿದ್ಧ ಕೋಡ್ ಆದ ಲೈಬ್ರರಿಯನ್ನೇ ಬದಲಿಸುತ್ತಾರೆ. ಏನೂ ಫಲಿಸದಿದ್ದಾಗ ಲಾಗ್ ತೆರೆಯುತ್ತಾರೆ.

ಇಮೇಲ್ ಸಾಗಿಸುವ ನಿಯಮಾವಳಿಯ ಹೆಸರು ಎಸ್‌ಎಂಟಿಪಿ. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ ಅದರ ರೂಪ ಗಟ್ಟಿಯಾಯಿತು. 2008ರ ಪರಿಷ್ಕೃತ ದಾಖಲೆಯಾದ ಆರ್‌ಎಫ್‌ಸಿ 5321ರಲ್ಲಿಯೂ ಮೂಲ ಸಂಭಾಷಣೆ ಹಾಗೆಯೇ ಉಳಿದಿದೆ. ಎರಡು ಕಂಪ್ಯೂಟರ್‌ಗಳು ಸಾದಾ ಅಕ್ಷರಗಳಲ್ಲಿ, ಸಾಲು ಸಾಲಾಗಿ ಮಾತನಾಡುತ್ತವೆ. ಸಂಪರ್ಕ ಸಿಕ್ಕೊಡನೆ ಸರ್ವರ್ 220 ಎಂದು ಹೇಳಿ ತಾನು ಸಿದ್ಧ ಎನ್ನುತ್ತದೆ. ಕಳುಹಿಸುವ ತಂತ್ರಾಂಶ ‘ಇಎಚ್‌ಎಲ್‌ಓ’ ಎಂಬ ಆಜ್ಞೆಯೊಂದಿಗೆ ತನ್ನ ಹೆಸರು ತಿಳಿಸುತ್ತದೆ. ಆಮೇಲೆ ‘ಮೇಲ್ ಫ್ರಮ್’ ಎಂದು ಕಳುಹಿಸುವವರ ವಿಳಾಸ, ‘ಆರ್‌ಸಿಪಿಟಿ ಟು’ ಎಂದು ಪಡೆಯುವವರ ವಿಳಾಸ. ಪ್ರತಿಯೊಂದಕ್ಕೂ 250 ಎಂಬ ಒಪ್ಪಿಗೆ ಬರುತ್ತದೆ. ‘ಡೇಟಾ’ ಎಂದರೆ 354, ಅಂದರೆ ‘ಒಕ್ಕಣೆ ಬರಲಿ’. ಒಕ್ಕಣೆ ಮುಗಿದ ಮೇಲೆ ಒಂದು ಸಾಲಿನಲ್ಲಿ ಒಂಟಿ ಚುಕ್ಕಿ ಇಡಬೇಕು. ಮತ್ತೊಂದು 250 ಬಂದರೆ ಕೆಲಸ ಮುಗಿಯಿತು.

ಈ ಸಂಖ್ಯೆಗಳಿಗೆ ವ್ಯಾಕರಣವಿದೆ. ಮೊದಲ ಅಂಕಿ 2 ಆದರೆ ಆಯಿತು. 3 ಆದರೆ ಮುಂದುವರಿಸು. 4 ಆದರೆ ಈಗ ಆಗದು, ಆಮೇಲೆ ಬಾ. 5 ಆದರೆ ಆಗುವುದೇ ಇಲ್ಲ, ಇದನ್ನೇ ಹಿಡಿದುಕೊಂಡು ಮತ್ತೆ ಬರಬೇಡ. ಎರಡನೆಯ ಅಂಕಿ ತೊಡಕು ಯಾವ ಕಡೆಯದು ಎಂದು ತೋರಿಸುತ್ತದೆ: 0 ಆದರೆ ಆಜ್ಞೆಯ ರೂಪ ತಪ್ಪಿದೆ, 2 ಆದರೆ ಸಂಪರ್ಕದ್ದು, 5 ಆದರೆ ಮೇಲ್ ವ್ಯವಸ್ಥೆಯದ್ದು. ಹೀಗಾಗಿ 421 ಮತ್ತು 550 ಎರಡೂ ‘ವಿಫಲ’ವೇ ಆದರೂ ಅವುಗಳ ಮದ್ದು ಬೇರೆ ಬೇರೆ. ಅಷ್ಟೂ ಸಾಲದೆಂದು 1996ರಲ್ಲಿ ಇನ್ನೊಂದು ಪದರ ಸೇರಿತು. 550ರ ಪಕ್ಕದಲ್ಲಿ 5.1.1 ಎಂದಿದ್ದರೆ ಅಂಥ ವಿಳಾಸವೇ ಇಲ್ಲ, 5.7ರಿಂದ ಶುರುವಾದರೆ ವಿಳಾಸ ಇದ್ದರೂ ನಿಮ್ಮನ್ನು ನಂಬಲು ಆ ಸರ್ವರ್ ತಯಾರಿಲ್ಲ. ಲಾಗ್‌ನಲ್ಲಿ ಬರೀ 550 ಎಂದು ಬರೆದುಕೊಂಡು ಉಳಿದ ವಾಕ್ಯವನ್ನು ಎಸೆಯುವ ತಂತ್ರಾಂಶಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸಂಭಾಷಣೆ ಶುರುವಾಗುವ ಮುನ್ನವೇ ಕೆಡುವುದೂ ಉಂಟು. ಆಗ ಸಂಖ್ಯೆ ಇರುವುದಿಲ್ಲ, ‘ಸಂಪರ್ಕ ನಿರಾಕರಿಸಲಾಗಿದೆ’ ಅಥವಾ ‘ಸಮಯ ಮೀರಿದೆ’ ಎಂಬ ಅರ್ಥದ ಸಾಲು ಮಾತ್ರ ಇರುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದರೆ ದಾರಿ ತಪ್ಪಿದಂತೆ. ನಿರಾಕರಣೆ ಎಂದರೆ ಆ ತುದಿಯಲ್ಲಿ ಯಂತ್ರವಿದೆ, ಉತ್ತರವನ್ನೂ ಕೊಟ್ಟಿದೆ, ಆದರೆ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವ ತಂತ್ರಾಂಶವಿಲ್ಲ. ಡಾಕರ್ ಕಂಟೇನರ್ (ಯಂತ್ರದೊಳಗೆ ಪ್ರತ್ಯೇಕವಾಗಿಟ್ಟ ಪೆಟ್ಟಿಗೆ) ಒಳಗೆ ಓಡುವ ಅಪ್ಲಿಕೇಶನ್‌ಗೆ ‘ಲೋಕಲ್‌ಹೋಸ್ಟ್’, ಅಂದರೆ ‘ಇದೇ ಯಂತ್ರ’ ಎಂದು ವಿಳಾಸ ಕೊಟ್ಟಾಗ ಆಗುವುದು ಇದೇ. ಅಲ್ಲಿ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರ್ ಮಾತ್ರ, ಅದರೊಳಗೆ ಮೇಲ್ ಸರ್ವರ್ ಇಲ್ಲ. ಸಮಯ ಮೀರುವುದು ಬೇರೆಯದೇ ಕಥೆ: ಕಳುಹಿಸಿದ ಪ್ಯಾಕೆಟ್‌ಗಳನ್ನು ನಡುವೆ ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ಬೀಳಿಸುತ್ತಿದೆ. ಸ್ಪ್ಯಾಮ್ ಕಾಟ ತಡೆಯಲು ಅಮೆಜಾನ್, ಗೂಗಲ್ ಸೇರಿದಂತೆ ಹಲವು ಕ್ಲೌಡ್ ಸೇವೆಗಳು 25ನೇ ಪೋರ್ಟ್ ಮೂಲಕ ಹೊರಗೆ ಹೋಗುವ ಸಂಚಾರವನ್ನು ಮೊದಲಿನಿಂದಲೇ ಮುಚ್ಚಿರುತ್ತವೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಓಡಿದ ಕೋಡ್ ಕ್ಲೌಡ್‌ಗೆ ಏರಿದ ಮೇಲೆ ಮೌನವಾಗುವುದಕ್ಕೆ ಇದು ಸಾಮಾನ್ಯ ಕಾರಣ. ಅಪ್ಲಿಕೇಶನ್‌ಗಳು ಬಳಸಬೇಕಾದದ್ದು 587 ಅಥವಾ 465.

ಈ ಎರಡರ ನಡುವೆಯೂ ಗೊಂದಲವಿದೆ. 465ರಲ್ಲಿ ಸಂಪರ್ಕವಾದ ಕ್ಷಣದಿಂದಲೇ ಗೂಢಲಿಪಿ ಶುರು. 587ರಲ್ಲಿ ಮೊದಲು ಸಾದಾ ಮಾತು, ನಡುವೆ ‘ಸ್ಟಾರ್ಟ್ ಟಿಎಲ್‌ಎಸ್’ ಎಂದ ಮೇಲೆ ಗೂಢಲಿಪಿ. 587ರ ಬಾಗಿಲಲ್ಲಿ ಮೊದಲೇ ಗೂಢಲಿಪಿಯಲ್ಲಿ ಮಾತು ತೆಗೆದರೆ ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ‘ಆವೃತ್ತಿ ಸಂಖ್ಯೆ ತಪ್ಪು’ ಎಂದು ದೂರುತ್ತದೆ. ಇದನ್ನು ನಂಬಿ ಟಿಎಲ್‌ಎಸ್ ಎಂಬ ಗೂಢಲಿಪಿ ನಿಯಮಾವಳಿಯ ಆವೃತ್ತಿಗಳನ್ನು ಹಿಂದೆ ಮುಂದೆ ಮಾಡಿ ದಿನ ಕಳೆದವರಿದ್ದಾರೆ. ಆವೃತ್ತಿಯಲ್ಲಿ ಏನೂ ತಪ್ಪಿರುವುದಿಲ್ಲ. ಎದುರಿನ ಸರ್ವರ್ ಸಾದಾ ಅಕ್ಷರಗಳಲ್ಲಿ ‘220’ ಎಂದದ್ದನ್ನು ಲೈಬ್ರರಿ ಗೂಢಲಿಪಿಯ ದಾಖಲೆ ಎಂದುಕೊಂಡು ಓದಲು ಹೋಗಿರುತ್ತದೆ, ಅಷ್ಟೇ. 465ಕ್ಕೆ ಸಾದಾ ಮಾತಿನ ತಂತ್ರಾಂಶ ಹೋದರೆ ಇನ್ನೂ ತಮಾಷೆ: ಇಬ್ಬರೂ ಮತ್ತೊಬ್ಬರು ಮೊದಲು ಬಾಯಿಬಿಡಲಿ ಎಂದು ಕಾಯುತ್ತಾ ಕೂರುತ್ತಾರೆ. ಇನ್ನು ಜಾಲತಾಣ ಕಟ್ಟುವ ಭಾಷೆಯಾದ ಪಿಎಚ್‌ಪಿಯಲ್ಲಿ, 2014ರಲ್ಲಿ ಬಂದ 5.6 ಆವೃತ್ತಿಯಿಂದ, ಸರ್ವರ್‌ನ ಗುರುತು ಸಾಬೀತು ಮಾಡುವ ಪ್ರಮಾಣಪತ್ರದ ಪರಿಶೀಲನೆ ತಾನಾಗಿಯೇ ನಡೆಯುತ್ತದೆ. ಅದು ವಿಫಲವಾದಾಗ ಪರಿಶೀಲನೆಯನ್ನೇ ನಿಲ್ಲಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಹಾಗೆ ಮಾಡಿದರೆ ಪಾಸ್‌ವರ್ಡ್ ಯಾರ ಕೈಗೆ ಹೋಗುತ್ತಿದೆ ಎಂದು ತಿಳಿಯುವ ಉಪಾಯವೇ ಉಳಿಯುವುದಿಲ್ಲ. ನಿಜವಾದ ಕಾರಣ ಸಾಮಾನ್ಯವಾಗಿ ಅವಧಿ ಮುಗಿದ ಪ್ರಮಾಣಪತ್ರ, ಹೊಂದದ ಸರ್ವರ್ ಹೆಸರು ಅಥವಾ ಹಳೆಯದಾದ ಮೂಲ ಪ್ರಮಾಣಪತ್ರಗಳ ಪಟ್ಟಿ.

535 ಎಂದರೆ ಗುರುತು ಒಪ್ಪಿಗೆಯಾಗಿಲ್ಲ. ಪಾಸ್‌ವರ್ಡ್ ಸರಿ ಇದ್ದೂ ಇದು ಬರಬಹುದು. ಜಿಮೇಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳ ಮಾಮೂಲಿ ಪಾಸ್‌ವರ್ಡ್ ಬಳಸಿ ಹೊರಗಿನ ತಂತ್ರಾಂಶಗಳು ಒಳಬರುವುದನ್ನು ನಿಲ್ಲಿಸಿತು. ಅಂದಿನಿಂದ ಎರಡು ಹಂತದ ಪರಿಶೀಲನೆ ಇಟ್ಟುಕೊಂಡು 16 ಅಕ್ಷರಗಳ ಪ್ರತ್ಯೇಕ ಪಾಸ್‌ವರ್ಡ್ ಪಡೆಯಬೇಕು, ಅಥವಾ ಪಾಸ್‌ವರ್ಡ್ ಕೊಡದೆಯೇ ಅನುಮತಿ ಪಡೆಯುವ ಓಆತ್ ಎಂಬ ವಿಧಾನ ಬಳಸಬೇಕು. ಅದಕ್ಕೂ ಮೊದಲು ಬರೆದ ಪಾಠಗಳನ್ನು ಓದಿ ಕಲಿಯುವವರು ಇಂದಿಗೂ ಇದೇ ಜಾಗದಲ್ಲಿ ಎಡವುತ್ತಾರೆ.

ಸಂದೇಹವಿದ್ದಾಗ ಅಪ್ಲಿಕೇಶನ್ ಪಕ್ಕಕ್ಕಿಟ್ಟು ನಾವೇ ಸರ್ವರ್ ಜೊತೆ ಮಾತನಾಡಬಹುದು. ಓಪನ್‌ಎಸ್‌ಎಸ್‌ಎಲ್‌ನಲ್ಲಿರುವ ‘ಎಸ್ ಕ್ಲೈಂಟ್’ ಸಲಕರಣೆಯಿಂದ ಸಂಪರ್ಕ ಮಾಡಿ, ಆಜ್ಞೆಗಳನ್ನು ಕೈಯಾರೆ ಬೆರಳಚ್ಚು ಮಾಡಿದರಾಯಿತು. ಒಂದು ಎಚ್ಚರಿಕೆ: ‘ಆರ್‌ಸಿಪಿಟಿ’ ಎಂಬುದನ್ನು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ ಬರೆಯಿರಿ. ಸಾಲಿನ ಮೊದಲಲ್ಲಿ ದೊಡ್ಡಕ್ಷರದ ಆರ್ ಕಂಡರೆ ಆ ಸಲಕರಣೆ ಅದನ್ನು ತನಗೆ ಕೊಟ್ಟ ಆಜ್ಞೆ ಎಂದು ತಿಳಿದು ಗೂಢಲಿಪಿಯ ಒಪ್ಪಂದವನ್ನು ಮತ್ತೆ ಶುರು ಮಾಡಲು ಹೊರಡುತ್ತದೆ.

ಎಲ್ಲದಕ್ಕಿಂತ ಕಷ್ಟದ್ದು ದೋಷವೇ ಕಾಣದ ದೋಷ. ಅಪ್ಲಿಕೇಶನ್ ‘ಕಳುಹಿಸಿದೆ’ ಎನ್ನುತ್ತದೆ, ಲಾಗ್‌ನಲ್ಲಿ 250 ಇದೆ, ಪತ್ರ ಮಾತ್ರ ಬಂದಿಲ್ಲ. ಇಲ್ಲಿ 250 ಹೇಳುವುದು ಇಷ್ಟೇ: ಇದರ ಹೊಣೆ ಇನ್ನು ನನ್ನದು. ಪಿಎಚ್‌ಪಿಯ ‘ಮೇಲ್’ ಫಂಕ್ಷನ್ ಕೊಡುವ ‘ನಿಜ’ ಎಂಬ ಉತ್ತರವಂತೂ ಇನ್ನೂ ಹಗುರ. ಅದೇ ಯಂತ್ರದಲ್ಲಿರುವ ಮೇಲ್ ತಂತ್ರಾಂಶ ಪತ್ರವನ್ನು ಕೈಗೆ ತೆಗೆದುಕೊಂಡಿತು ಎಂಬುದಷ್ಟೇ ಅದರ ಅರ್ಥ. ಮುಂದೆ ಎಲ್ಲೋ ತಿರಸ್ಕಾರವಾದರೆ ಸುದ್ದಿ ಬೇರೊಂದು ಪತ್ರವಾಗಿ ಹಿಂದಕ್ಕೆ ಬರಬೇಕು. ಯಾರಿಗೆ?

ಅಂಚೆಯಲ್ಲಿ ಲಕೋಟೆಯ ಮೇಲಿನ ಹೆಸರು ಬೇರೆ, ಒಳಗಿನ ಕಾಗದದ ತಲೆಬರಹ ಬೇರೆ ಇರಬಹುದಲ್ಲ, ಇಮೇಲ್‌ನಲ್ಲಿಯೂ ಹಾಗೆಯೇ. ‘ಮೇಲ್ ಫ್ರಮ್’ ಆಜ್ಞೆಯಲ್ಲಿ ಕೊಟ್ಟ ವಿಳಾಸ ಲಕೋಟೆಯದ್ದು. ಓದುಗರಿಗೆ ಕಾಣುವ ‘ಫ್ರಮ್’ ಸಾಲು ಒಳಗಿನ ಕಾಗದದ್ದು. ತಿರಸ್ಕಾರದ ಸುದ್ದಿ ಹೋಗುವುದು ಲಕೋಟೆಯ ವಿಳಾಸಕ್ಕೆ. ಅನೇಕ ಜಾಲತಾಣಗಳಲ್ಲಿ ಆ ಜಾಗದಲ್ಲಿ ವೆಬ್ ಸರ್ವರ್ ನಡೆಸುವ ಬಳಕೆದಾರನ ಹೆಸರು ತಾನಾಗಿ ಕೂತಿರುತ್ತದೆ, ಯಾರೂ ಎಂದೂ ತೆರೆಯದ ಪೆಟ್ಟಿಗೆ. ಆ ಸುದ್ದಿಯೂ ತಲುಪದಿದ್ದರೆ ಅದರ ಬಗ್ಗೆ ಮತ್ತೊಂದು ಸುದ್ದಿ ಹುಟ್ಟುವುದಿಲ್ಲ. ಸುದ್ದಿಗಳು ಕೊನೆಯಿಲ್ಲದೆ ಸುತ್ತಬಾರದೆಂದು ಅವುಗಳ ಲಕೋಟೆಯಲ್ಲಿ ಕಳುಹಿಸುವವರ ವಿಳಾಸವನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಆದ್ದರಿಂದ ‘ದೋಷವೇನೂ ತೋರಿಸುತ್ತಿಲ್ಲ’ ಎನ್ನುವವರನ್ನು ಮೊದಲು ಕೇಳಬೇಕಾದದ್ದು, ನಿಮ್ಮ ಲಕೋಟೆಯ ವಿಳಾಸ ಯಾವುದು, ಆ ಪೆಟ್ಟಿಗೆಯನ್ನು ಯಾರು ತೆರೆಯುತ್ತಾರೆ ಎಂದು.

ಇದೇ ವ್ಯತ್ಯಾಸದಿಂದ 2014ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಗಲಿಬಿಲಿಯಾಯಿತು. ಆವರೆಗೆ ಜಾಲತಾಣಗಳ ‘ನಮ್ಮನ್ನು ಸಂಪರ್ಕಿಸಿ’ ಪುಟಗಳು ಸಂದರ್ಶಕರು ತುಂಬಿದ ವಿಳಾಸವನ್ನೇ ‘ಫ್ರಮ್’ ಸಾಲಿಗೆ ಹಾಕಿ ಮಾಲೀಕರಿಗೆ ಪತ್ರ ಕಳುಹಿಸುತ್ತಿದ್ದವು. ಉತ್ತರಿಸಲು ಅನುಕೂಲ ಎಂಬುದು ಲೆಕ್ಕಾಚಾರ. ಆದರೆ ಯಾಹೂ ವಿಳಾಸ ಹೊತ್ತ ಪತ್ರ ಯಾಹೂ ಸರ್ವರ್‌ನಿಂದ ಹೊರಡದಿದ್ದರೆ ಅದು ಕಾಣುವುದು ಖೋಟಾ ಪತ್ರದಂತೆಯೇ. ಯಾಹೂ ಆ ತಿಂಗಳು, ಖೋಟಾ ಪತ್ರಗಳನ್ನು ಏನು ಮಾಡಬೇಕೆಂದು ಹೇಳುವ ತನ್ನ ಡಿಮಾರ್ಕ್ ನೀತಿಯನ್ನು ಬಿಗಿ ಮಾಡಿ, ಅಂಥ ಪತ್ರಗಳನ್ನು ತಿರಸ್ಕರಿಸಿ ಎಂದು ಜಗತ್ತಿಗೆ ಸಾರಿತು. ಮೇಲಿಂಗ್ ಲಿಸ್ಟ್‌ಗಳು, ಸಂಪರ್ಕ ಪುಟಗಳು ರಾತ್ರೋರಾತ್ರಿ ಕೆಟ್ಟವು. ಅವುಗಳ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಇದರ ಹಿಂದೆ ಮೂರು ತಪಾಸಣೆಗಳಿವೆ. ಎಸ್‌ಪಿಎಫ್ ಲಕೋಟೆಯ ಡೊಮೈನ್ ನೋಡಿ, ಈ ಐಪಿ ವಿಳಾಸದಿಂದ ಕಳುಹಿಸಲು ಅನುಮತಿ ಇದೆಯೇ ಎಂದು ಡಿಎನ್‌ಎಸ್ ಎಂಬ ಡೊಮೈನ್‌ಗಳ ವಿವರ ಪಟ್ಟಿಯಲ್ಲಿ ಹುಡುಕುತ್ತದೆ. ಡಿಕಿಮ್ ಪತ್ರದ ಮೇಲಿನ ಡಿಜಿಟಲ್ ಸಹಿಯನ್ನು ಪರೀಕ್ಷಿಸುತ್ತದೆ. ಡಿಮಾರ್ಕ್ ಕೇಳುವುದು, ಇವೆರಡರಲ್ಲಿ ತೇರ್ಗಡೆಯಾದ ಡೊಮೈನ್ ಓದುಗರಿಗೆ ಕಾಣುವ ‘ಫ್ರಮ್’ ಜೊತೆ ಹೊಂದುತ್ತದೆಯೇ ಎಂದು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ. ಜಿಮೇಲ್ ಲೆಕ್ಕದಲ್ಲಿ ದೊಡ್ಡ ಪ್ರಮಾಣವೆಂದರೆ ದಿನಕ್ಕೆ ಸುಮಾರು 5000 ಪತ್ರ. ಸಂಪರ್ಕ ಪುಟದ ಪರಿಹಾರ ಸರಳ: ‘ಫ್ರಮ್’ನಲ್ಲಿ ನಿಮ್ಮ ಸ್ವಂತ ಡೊಮೈನ್‌ನ ವಿಳಾಸ, ‘ರಿಪ್ಲೈ ಟು’ನಲ್ಲಿ ಸಂದರ್ಶಕರದ್ದು. ಇಷ್ಟು ವರ್ಷಗಳ ಮೇಲೂ ಹೊಸ ಜಾಲತಾಣಗಳು ಇದೇ ಹಳೆಯ ತಪ್ಪಿನೊಂದಿಗೆ ಹುಟ್ಟುತ್ತಿರುವುದು ವಿಚಿತ್ರ.

4ರಿಂದ ಶುರುವಾಗುವ ಉತ್ತರಗಳ ವಿಷಯದಲ್ಲಿ ತೊಡಕು ತಾಳ್ಮೆಯದ್ದು. ಮೊದಲ 220ಕ್ಕಾಗಿ 5 ನಿಮಿಷ, ಕೊನೆಯ ಚುಕ್ಕಿಯ ನಂತರ 10 ನಿಮಿಷ ಕಾಯಬೇಕು ಎನ್ನುತ್ತದೆ ಆರ್‌ಎಫ್‌ಸಿ 5321. ತಾತ್ಕಾಲಿಕ ನಿರಾಕರಣೆ ಬಂದರೆ ಕನಿಷ್ಠ ಅರ್ಧ ಗಂಟೆ ಬಿಟ್ಟು ಮತ್ತೆ ಯತ್ನಿಸಿ, 4ರಿಂದ 5 ದಿನ ಕೈಬಿಡಬೇಡಿ ಎಂದೂ ಹೇಳುತ್ತದೆ. ಅತ್ತ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಯಾರೂ ಬದಲಿಸದಿದ್ದರೆ ಹಿಂದಿನ ಅಪ್ಲಿಕೇಶನ್‌ಗಾಗಿ 60 ಸೆಕೆಂಡ್ ಕಾದು 504 (ಇದು ವೆಬ್‌ನ ದೋಷ ಸಂಖ್ಯೆ, ಮೇಲ್‌ನದ್ದಲ್ಲ) ಎಂದು ಕೈಚೆಲ್ಲುತ್ತದೆ. ಪುಟ ತೆರೆಯುವ ಕೆಲಸದೊಳಗೇ ಇಮೇಲ್ ಕಳುಹಿಸುವ ಅಪ್ಲಿಕೇಶನ್ ಈ ಎರಡು ಗಡಿಯಾರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬಳಕೆದಾರರು ಮತ್ತೆ ಗುಂಡಿ ಒತ್ತುತ್ತಾರೆ, ಎರಡು ಪತ್ರ ಹೋಗುತ್ತವೆ. ಪತ್ರವನ್ನು ಸರತಿಯಲ್ಲಿಟ್ಟು, ಹಿನ್ನೆಲೆಯಲ್ಲಿ ಬೇರೆ ಪ್ರಕ್ರಿಯೆ ಕಳುಹಿಸುವಂತೆ ಮಾಡುವುದೇ ಇದಕ್ಕೆ ಮದ್ದು. ಆದರೂ ಒಂದು ಕಡೆ ಸೋಲು ಖಚಿತ. ಅಪರಿಚಿತ ಸರ್ವರ್‌ನ ಮೊದಲ ಯತ್ನವನ್ನು ಬೇಕೆಂದೇ ಹಿಂದಕ್ಕೆ ಕಳುಹಿಸಿ, ಮತ್ತೆ ಬಂದರೆ ಒಪ್ಪುವ ‘ಗ್ರೇಲಿಸ್ಟಿಂಗ್’ ಎಂಬ ತಂತ್ರ 2003ರಿಂದ ಬಳಕೆಯಲ್ಲಿದೆ. ಅಂಥ ಸರ್ವರ್‌ಗೆ ಹೋದ ಒಟಿಪಿ, ಅವಧಿ ಮುಗಿದ ಮೇಲೆ ನಿಯಮಬದ್ಧವಾಗಿ ತಲುಪುತ್ತದೆ.

ಕನ್ನಡದಲ್ಲಿ ಇಮೇಲ್ ಕಳುಹಿಸುವವರಿಗೆ ಇನ್ನೊಂದು ಕಾಟವಿದೆ. 1982ರ ನಿಯಮಾವಳಿ ಬಲ್ಲದ್ದು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳನ್ನು ಮಾತ್ರ. ಹಾಗಾಗಿ ವಿಷಯದ ಸಾಲಿನ ಕನ್ನಡವನ್ನು ಬೇಸ್64 ಎಂಬ ಇಂಗ್ಲಿಷ್ ಅಕ್ಷರಗಳ ಸರಣಿಯಾಗಿ ಬದಲಿಸುತ್ತಾರೆ. ‘ಕನ್ನಡ’ ಎಂಬ ಪದದಲ್ಲಿ ಕಂಪ್ಯೂಟರ್ ಲೆಕ್ಕಕ್ಕೆ 5 ಘಟಕಗಳಿವೆ: ಕ, ನ, ವಿರಾಮ ಚಿಹ್ನೆ, ಇನ್ನೊಂದು ನ, ಡ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದಕ್ಕೆ 3 ಬೈಟ್, ಒಟ್ಟು 15. ಬೇಸ್64 ಆದಾಗ 20 ಅಕ್ಷರ. ಹೀಗೆ ಬದಲಿಸಿದ ತುಣುಕು ತಲೆಬಾಲಗಳ 12 ಚಿಹ್ನೆ ಸೇರಿ 75 ದಾಟುವಂತಿಲ್ಲ. ಲೆಕ್ಕ ಹಾಕಿದರೆ ಒಂದು ತುಣುಕಿಗೆ 45 ಬೈಟ್, ಅಂದರೆ ಸರಿಯಾಗಿ 15 ಕನ್ನಡ ಘಟಕಗಳು. ಸಾಲು ಉದ್ದವಾದಾಗ ಕಣ್ಣುಮುಚ್ಚಿ 45 ಬೈಟ್‌ಗೊಮ್ಮೆ ಕತ್ತರಿಸುವ ಕೋಡ್ ಬರೀ ಕನ್ನಡಾಕ್ಷರಗಳಿದ್ದರೆ ತೊಂದರೆಯಿಲ್ಲದೆ ನಡೆಯುತ್ತದೆ. ನಡುವೆ ಒಂದು ಖಾಲಿ ಜಾಗವೋ ಅಂಕಿಯೋ ಬಂತೆಂದರೆ ಅದು ಒಂದೇ ಬೈಟ್. ಕತ್ತರಿ ಒಂದು ಅಕ್ಷರದ ಹೊಟ್ಟೆಗೆ ಬೀಳುತ್ತದೆ, ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಒಂದು ಬೈಟ್‌ನವು ಮೂರಾದರೆ ಮತ್ತೆ ಸರಿಹೋಗುತ್ತದೆ! ‘ಒಮ್ಮೊಮ್ಮೆ ಮಾತ್ರ ಅಕ್ಷರ ಕೆಡುತ್ತದೆ’ ಎಂಬ ದೂರಿನ ಗುಟ್ಟು ಇದಾಗಿರಬಹುದು.

ಇನ್ನು ಒಕ್ಕಣೆ ಮುಗಿಸುವ ಆ ಒಂಟಿ ಚುಕ್ಕಿ. ಪತ್ರದ ಒಳಗೇ ಯಾವುದಾದರೂ ಸಾಲು ಚುಕ್ಕಿಯಿಂದ ಶುರುವಾದರೆ ಕಳುಹಿಸುವ ತಂತ್ರಾಂಶ ಅದರ ಮುಂದೆ ಇನ್ನೊಂದು ಚುಕ್ಕಿ ಸೇರಿಸಬೇಕು, ಪಡೆಯುವ ಸರ್ವರ್ ಒಂದನ್ನು ತೆಗೆಯುತ್ತದೆ. ಸೇರಿಸುವುದನ್ನು ಮರೆತರೂ ತೆಗೆಯುವುದು ತಪ್ಪುವುದಿಲ್ಲ. ಉದ್ದನೆಯ ಸಾಲುಗಳನ್ನು ತುಂಡರಿಸುವಾಗ ಪಾಸ್‌ವರ್ಡ್ ಬದಲಿಸುವ ಕೊಂಡಿಯ ಚುಕ್ಕಿ ಹೊಸ ಸಾಲಿನ ಮೊದಲಿಗೆ ಬಂದರೆ, ಅದು ಮಾಯವಾಗಿ ಕೊಂಡಿ ಕೆಡುತ್ತದೆ. ಸಾಲು ಎಲ್ಲಿ ತುಂಡಾಗುತ್ತದೆ ಎಂಬುದು ಅದಕ್ಕೂ ಮುಂಚೆ ಎಷ್ಟು ಅಕ್ಷರಗಳಿವೆ ಎಂಬುದರ ಮೇಲೆ ನಿಂತಿದೆ. ಕೆಲವರಿಗೆ ಮಾತ್ರ ಕೊಂಡಿ ತೆರೆಯುವುದಿಲ್ಲ ಎಂಬ ದೂರು ಬಂದರೆ, ಆ ಕೆಲವರ ಹೆಸರುಗಳ ಉದ್ದವನ್ನೊಮ್ಮೆ ಎಣಿಸಿ ನೋಡಿ.