ನಮ್ಮ ಬಿಸಿಲಿನ ಮೈಗೆ ಹಿಮದ ಚಳಿ ತಡೆಯುತ್ತದಾ?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ವಯಸ್ಸು 31. ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಯಬೇಕು ಅಂತ ಬಹಳ ಆಸೆ ಇದೆ. ಆದರೆ ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ನಾವು ಬಿಸಿಲಿನ ಜನ, ನಮ್ಮ ಮೈಗೆ ಆ ಚಳಿ ಒಗ್ಗುವುದಿಲ್ಲ ಅಂತ. ನಮ್ಮ ಕಡೆಯವರಿಗೆ ಇದು ಆಗುತ್ತದಾ?

ಆಗುತ್ತದೆ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಮದುವೆ ಪಂಕ್ತಿಯಲ್ಲಿ ಕೇಳಿದ್ದಾರೆ. ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಕೇಳಿದ್ದಾರೆ. ನಾನು ಸ್ಕೀ ಚೀಲ ಹೆಗಲಿಗೆ ಹಾಕಿಕೊಂಡು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನಿಂತಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಅದೆಲ್ಲಾ ಕಾಶ್ಮೀರದವರಿಗೆ ಸರಿ. ನಮ್ಮಂಥವರಿಗೆ ಹೆಂಗ್ರೀ?" ಹದಿನೈದು ವರ್ಷದಿಂದ ಒಂದು ಚಳಿಗಾಲವನ್ನೂ ಬಿಡದೆ ಹೋಗಿ ಬಂದ ನಾನೇ ಎದುರಿಗೆ ನಿಂತಿದ್ದರೂ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಇವತ್ತು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೈಯ ಒಳಗಿನ ಬಿಸಿ ಎಲ್ಲರಿಗೂ ಸುಮಾರು 37 ಡಿಗ್ರಿ. ಗುಲ್ಮಾರ್ಗ್‌ನವರಿಗೂ ಅಷ್ಟೇ, ಗದಗಿನವರಿಗೂ ಅಷ್ಟೇ. ಹಿಮದೂರಿನವರು ಚಳಿ ತಡೆಯುವುದು ಬೇರೆ ಥರದ ಚರ್ಮದಿಂದ ಅಲ್ಲ. ಕಾಶ್ಮೀರದವರನ್ನೇ ನೋಡಿ. ಉದ್ದನೆಯ ಉಣ್ಣೆಯ ಫೆರನ್ ಹಾಕುತ್ತಾರೆ. ಅದರೊಳಗೆ ಕೆಂಡ ತುಂಬಿದ ಕಾಂಗ್ರಿ ಹಿಡಿದುಕೊಳ್ಳುತ್ತಾರೆ. ಮನೆಯೊಳಗೆ ಬುಖಾರಿ ಒಲೆ ಉರಿಯುತ್ತಿರುತ್ತದೆ. ಹುಟ್ಟಿನಿಂದಲೇ ಚಳಿ ತಡೆಯುವ ಮೈ ಇದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು? ಅವರಿಗೆ ಚಳಿಯಲ್ಲಿ ಬದುಕುವ ಅಭ್ಯಾಸ ಗೊತ್ತು. ಅಭ್ಯಾಸ ಕಲಿಯಬಹುದು, ಅಲ್ವಾ?

ಮಾತು ಇಲ್ಲಿಗೆ ಬಂದಾಗ ಯಾರಾದರೂ ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದರ ಹೆಸರು ತೆಗೆಯುತ್ತಾರೆ. "ಅಲ್ಲಿ ನಮ್ಮ ಹುಡುಗನ ಗತಿ ಏನಾತು ನೋಡಿದಿರಲ್ಲ" ಅನ್ನುತ್ತಾರೆ. ಆ ಹೆಸರನ್ನು ಈ ಮಾತಿಗೆ ಬಳಸಿದರೆ ನನಗೆ ಬೇಸರವಾಗುತ್ತದೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಹತ್ತು ಯೋಧರು ಅದರಡಿ ಸಿಕ್ಕರು. ಆರನೇ ದಿನ ಸುಮಾರು 25 ಅಡಿ ಆಳದಿಂದ ಜೀವಂತ ಹೊರಬಂದವರು ನಮ್ಮ ಎರೆ ಹೊಲದ ಸೀಮೆಯ ಹನುಮಂತಪ್ಪ ಒಬ್ಬರೇ. ಮೂರು ದಿನದ ನಂತರ ದೆಹಲಿಯಲ್ಲಿ ತೀರಿಕೊಂಡರು. ಹಿಮ ಕುಸಿದರೆ ಯಾವ ಊರಿನವರಾದರೂ ಬದುಕುವುದು ಕಷ್ಟ. ನಮ್ಮ ಕಡೆಯ ಮೈಗೆ ಚಳಿ ಆಗುವುದಿಲ್ಲ ಅನ್ನುವವರು ಆ ಆರು ದಿನ ನೆನೆಯಬೇಕು.

ಇನ್ನು ಸ್ಕೀ ಕಲಿಯುವ ಜಾಗ ಸಿಯಾಚಿನ್ ಅಲ್ಲ. ಉತ್ತರಾಖಂಡದ ಔಲಿ ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿದೆ. ಗುಲ್ಮಾರ್ಗ್ ಊರು ಸುಮಾರು 2,650 ಮೀಟರ್. ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ, ನಿಜ. ಆದರೆ ರಾತ್ರಿ ನೀವು ರಜಾಯಿಯೊಳಗೆ ಇರುತ್ತೀರಿ. ಕಲಿಯುವುದು ಹಗಲು, ಬಿಸಿಲಿನಲ್ಲಿ.

ಹಾಗಾದರೆ ನಮ್ಮವರು ಅಲ್ಲಿ ಗಡಗಡ ನಡುಗುವುದು ಸುಳ್ಳಾ? ಸುಳ್ಳಲ್ಲ. ನಡುಗಿಸುವುದು ಬೆವರು.

ಸುಮ್ನೆ ಕುಳಿತ ಮನುಷ್ಯನ ಮೈ ಸುಮಾರು 100 ವ್ಯಾಟ್ ಬಲ್ಬಿನಷ್ಟು ಶಾಖ ಬಿಡುತ್ತದೆ. ಮೊದಲ ಎರಡು ದಿನ ಲಿಫ್ಟ್ ಹತ್ತಿಸುವುದಿಲ್ಲ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡೇ ಅಡ್ಡಡ್ಡ ಹೆಜ್ಜೆ ಹಾಕುತ್ತಾ ಇಳಿಜಾರು ಹತ್ತಬೇಕು. ಆಗ ಶಾಖ ಐದಾರು ಪಟ್ಟು ಜಾಸ್ತಿಯಾಗುತ್ತದೆ. ನಮ್ಮ ಜನ ಚಳಿಗೆ ಹೆದರಿ ಬನಿಯನ್, ಅಂಗಿ, ಮೂರು ಸ್ವೆಟರ್, ಮೇಲೊಂದು ಕೋಟು ಹಾಕಿಕೊಂಡು ಬಂದಿರುತ್ತಾರೆ. ಹತ್ತು ನಿಮಿಷಕ್ಕೆ ಬನಿಯನ್ ತೊಯ್ದು ತೊಪ್ಪೆ. ಆಮೇಲೆ ಸಾಲಿನಲ್ಲಿ ನಿಂತು ತಮ್ಮ ಸರದಿ ಕಾಯುತ್ತಾರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ಹತ್ತಿ ಬಟ್ಟೆ ಬೆವರು ಕುಡಿದು ಹಾಗೇ ಮೈಗೆ ಅಂಟಿಕೊಂಡಿರುತ್ತದೆ. ಒದ್ದೆ ಟವಲ್ ಸುತ್ತಿಕೊಂಡು ಬಯಲಲ್ಲಿ ನಿಂತ ಹಾಗೆ.

ಒಂದು ವರ್ಷ ಗದಗ ಕಡೆಯ ಹುಡುಗನೊಬ್ಬ ನನ್ನ ಜೊತೆ ಬಂದಿದ್ದ. ಎರಡನೇ ದಿನ ಹನ್ನೊಂದು ಗಂಟೆಗೆ ತುಟಿ ಬಿಳಿಚಿಕೊಂಡು ಕೂತುಬಿಟ್ಟ. "ನಮ್ಮ ಮೈಗೆ ಇದು ಆಗಂಗಿಲ್ರೀ, ನಾ ಊರಿಗೆ ಹೋಗ್ತೀನಿ" ಅಂದ. ಬೆನ್ನಿಗೆ ಕೈ ಹಾಕಿ ನೋಡಿದೆ. ಬನಿಯನ್ ಹಿಂಡಿದರೆ ನೀರು ಬರುತ್ತಿತ್ತು. ಚಹಾ ಗುಡಿಸಲಿನೊಳಗೆ ಕರೆದುಕೊಂಡು ಹೋಗಿ ಅದನ್ನು ತೆಗೆಸಿದೆ. ನನ್ನ ಚೀಲದಲ್ಲಿದ್ದ ತೆಳ್ಳನೆಯ ಉಣ್ಣೆ ಅಂಗಿ ಕೊಟ್ಟೆ. ಮೂರು ಸ್ವೆಟರಿನಲ್ಲಿ ಎರಡು ಬಿಚ್ಚಿಸಿದೆ. ಒಂದು ಲೋಟ ಬಿಸಿ ಚಹಾ ಕುಡಿದ. ಅರ್ಧ ಗಂಟೆಗೆ ಮತ್ತೆ ಇಳಿಜಾರಿನಲ್ಲಿದ್ದ. ಬಟ್ಟೆ ಕಡಿಮೆ ಮಾಡಿದ ಮೇಲೆ ಬೆಚ್ಚಗಾದ! ಆ ಹುಡುಗ ಈಗ ನಾಲ್ಕು ಸಲ ಹೋಗಿ ಬಂದಿದ್ದಾನೆ. ಹೊಸಬರಿಗೆ ಅವನೇ ಪಾಠ ಹೇಳುತ್ತಾನೆ. ಅದನ್ನು ನೋಡಿದಾಗ ನನಗಾಗುವ ಸಂತೋಷ ಬೇರೆ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಕುರಿ ಕಾಯುವವರು ಏನು ಹಾಕಿಕೊಂಡಿರುತ್ತಾರೆ? ಕಂಬಳಿ ಕೊಪ್ಪೆ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯ ಕಂಬಳಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಕೊಂಡರೂ ಮೈಗೆ ಥಂಡಿ ತಾಗಿಸುವುದಿಲ್ಲ. ನಮ್ಮ ಕುರುಬರು ತಲೆತಲಾಂತರದಿಂದ ಬಲ್ಲ ಈ ಮಾತನ್ನು ನೀವು ಔಲಿಗೆ ಒಯ್ದರೆ ಸಾಕು. ಒಳಗೆ ತೆಳ್ಳಗಿನ ಉಣ್ಣೆ ಅಥವಾ ಪಾಲಿಯೆಸ್ಟರ್. ಅದರ ಮೇಲೆ ಒಂದು ಸ್ವೆಟರ್. ಮೇಲೆ ಗಾಳಿ, ನೀರು ತಡೆಯುವ ಜಾಕೆಟ್. ಹತ್ತಿ ಬನಿಯನ್ನೂ ಜೀನ್ಸೂ ಹುಬ್ಬಳ್ಳಿಯಲ್ಲೇ ಇರಲಿ. ಹತ್ತುವಾಗ ಬೆವರು ಬರುವ ಮೊದಲೇ ಒಂದು ಪದರ ಬಿಚ್ಚಿ, ನಿಂತಾಗ ಹಾಕಿಕೊಳ್ಳಿ. ಕಾಲಿಗೆ ಒಂದೇ ಜೋಡಿ ಉಣ್ಣೆ ಕಾಲುಚೀಲ. ಎರಡು ಹಾಕಿದರೆ ಬೂಟು ಬಿಗಿದು ರಕ್ತ ಓಡುವುದಿಲ್ಲ, ಬೆರಳು ಇನ್ನೂ ತಣ್ಣಗಾಗುತ್ತದೆ. ಮತ್ತೆ, ಒಂದು ಪೆಗ್ ಹಾಕಿದರೆ ಬೆಚ್ಚಗಿರುತ್ತದೆ ಅನ್ನುವವರ ಮಾತು ಕೇಳಲೇಬೇಡಿ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ.

ಬಿಸಿಲಿನ ಜನ ಅನ್ನುವ ಮಾತಿಗೆ ಕೊನೆಯದಾಗಿ ಒಂದು ಹೇಳುತ್ತೇನೆ. ಮೊದಲ ವಾರ ಮುಗಿಸಿ ಬಂದ ನಮ್ಮ ಕಡೆಯವರ ಮುಖ ನೋಡಿ. ಮೂಗು, ಕೆನ್ನೆ ಸುಟ್ಟು ಸುಲಿದಿರುತ್ತದೆ. ಸುಟ್ಟಿದ್ದು ಬಿಸಿಲು! ಎತ್ತರ ಹೋದಷ್ಟೂ ನೇರಳಾತೀತ ಕಿರಣ ಜಾಸ್ತಿ. ಹೊಸ ಹಿಮ ಅದರಲ್ಲಿ ಶೇಕಡಾ 80ರವರೆಗೆ ತಿರುಗಿ ಮುಖಕ್ಕೇ ಎಸೆಯುತ್ತದೆ. ಗಲ್ಲದ ಅಡಿ, ಮೂಗಿನ ಹೊಳ್ಳೆಯ ಕೆಳಗೂ ಸನ್‌ಸ್ಕ್ರೀನ್ ಹಚ್ಚಬೇಕು. ಕಪ್ಪು ಕನ್ನಡಕ ಇಲ್ಲದೆ ಹೊರಗೆ ಕಾಲಿಡಬಾರದು. ಮೇ ತಿಂಗಳ ಹುಬ್ಬಳ್ಳಿಯಲ್ಲಿ ಬೆಳೆದವರು ಅಲ್ಲಿ ಬಿಸಿಲನ್ನು ಹಗುರವಾಗಿ ತೆಗೆದುಕೊಂಡು ಕೆಡುತ್ತಾರೆ.

ಉಳಿದದ್ದು ಚಿಕ್ಕ ಮಾತು. ಔಲಿಯಲ್ಲಿ ಉತ್ತರಾಖಂಡ ಸರ್ಕಾರದ ಗಢವಾಲ್ ಮಂಡಲ ವಿಕಾಸ ನಿಗಮದವರು 7 ದಿನ ಮತ್ತು 14 ದಿನದ ಕೋರ್ಸ್ ನಡೆಸುತ್ತಾ ಬಂದಿದ್ದಾರೆ. ಆಗುವುದಾದರೆ 14 ದಿನದ್ದಕ್ಕೇ ಹೋಗಿ. 31 ಏನೂ ವಯಸ್ಸಲ್ಲ. ಹಿಮ ಬೀಳದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕೂಟದ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಪದಕ ತಂದಿದ್ದಾರೆ. ಬೇಕಾದದ್ದು ತೊಡೆಯ ಬಲ. ಗರಡಿಯ ಬೈಠಕ್‌ಗಿಂತ ಒಳ್ಳೆಯ ತಯಾರಿ ನನಗೆ ಕಂಡಿಲ್ಲ. ನಮ್ಮ ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಎಲ್ಲರೂ ಹತ್ತುವ ವ್ಯಾಯಾಮಕ್ಕೆ ಹೋಗುತ್ತಾರೆ. ನೀವು ಇಳಿಯುವುದಕ್ಕೆ ಹೋಗಿ. ಮಂಡಿ ಬಗ್ಗಿಸಿ, ಮೈ ಮುಂದಕ್ಕೆ ಇಟ್ಟು, ನಿಧಾನವಾಗಿ ಇಳಿಯಿರಿ. ಅಲ್ಲಿ ಮೊದಲು ಕಲಿಸುವ ಬ್ರೇಕಿಗೆ ಸ್ನೋಪ್ಲೋ ಅನ್ನುತ್ತಾರೆ. ಎರಡೂ ಸ್ಕೀ ಬಂಡಿಯ ಮೂಕಿಯ ಹಾಗೆ ಮುಂದೆ ಕೂಡಿ ಹಿಂದೆ ಅಗಲವಾಗಿರಬೇಕು. ಮೂಕಿ ಅಂದ ಕೂಡಲೇ ನಮ್ಮ ಹುಡುಗರ ಕಾಲು ತಾನೇ ಸರಿಯಾಗುತ್ತದೆ.

ಅಂದ ಹಾಗೆ, ಹಿಮ ಹೇಗಿರುತ್ತದೆ ಅಂತ ನೀವು ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ಆದರೆ ಸ್ಕೀ ಮಾಡುವವರಿಗೆ ಬೆಳಗ್ಗೆ ಎದ್ದ ಕೂಡಲೇ ಬರುವ ಪ್ರಶ್ನೆ ಅದೇ. ಕನ್ನಡದಲ್ಲಿ ಬೀಳುವ ಹಿಮಕ್ಕೂ ಮಂಜು, ಮುಸುಕುವ ಮೋಡಕ್ಕೂ ಮಂಜು. ಇಳಿಜಾರಿನಲ್ಲಿ ಇಷ್ಟು ಸಾಲುವುದಿಲ್ಲ. ಹಾಗಾಗಿ ನಾವು ನಾಲ್ಕೈದು ಜನ ಅಡುಗೆಮನೆಯಿಂದ ಹೆಸರು ತಂದುಕೊಂಡಿದ್ದೇವೆ. ರಾತ್ರಿ ಬಿದ್ದ ಒಣ ಹಿಮ ಜೋಳದ ಹಿಟ್ಟು. ಮುಷ್ಟಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಉದುರುತ್ತದೆ. ಮಧ್ಯಾಹ್ನ ಕರಗಿ ಸ್ಕೀಗೆ ಅಂಟುವುದು ನಾದಿದ ಹಿಟ್ಟು. ಮೇಲೆ ಗಟ್ಟಿ ಪದರ, ಒಳಗೆ ಮೆತ್ತಗಿದ್ದು ಕಾಲಿಟ್ಟರೆ ಚಟ್ಟೆಂದು ಒಡೆಯುವುದು ಖಡಕ್ ರೊಟ್ಟಿ. ಅದರಲ್ಲಿ ತಿರುಗಲು ಹೋಗಬೇಡಿ, ಮಂಡಿಗೆ ಪೆಟ್ಟು. ಹೆಪ್ಪುಗಟ್ಟಿ ಹೊಳೆಯುವುದು ಗಚ್ಚು. ಫೆಬ್ರುವರಿ ಕೊನೆಗೆ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ, ಮತ್ತೆ ಹೆಪ್ಪುಗಟ್ಟಿ, ಹಿಮ ಕಾಳುಕಾಳಾಗುತ್ತದೆ. ಅದು ನುಚ್ಚು. ಬಿಸಿಲು ಬಿದ್ದು ಒಂದು ಗಂಟೆಗೆ ನುಚ್ಚು ಹದಕ್ಕೆ ಬರುತ್ತದೆ. ಆಗ ಇಳಿಯುವ ಸುಖ ಹೇಳಿ ಮುಗಿಯುವುದಿಲ್ಲ.

ನಮ್ಮ ಗಢವಾಲಿ ಗುರುಗಳು ಈ ಹೆಸರುಗಳನ್ನು ಕೇಳಿ ಕೇಳಿ ಕಲಿತರು. ಕಳೆದ ಸಲ ಬೆಳಗ್ಗೆ ಎಂಟಕ್ಕೆ ನಾವು ಬೂಟು ಬಿಗಿಯುತ್ತಿದ್ದೆವು. ನಂದಾದೇವಿ ಶಿಖರದ ತುದಿಗೆ ಬಿಸಿಲು ತಾಗಿತ್ತು. ಅವರು ಬಗ್ಗಿ ಒಂದು ಹಿಡಿ ಹಿಮ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿದರು. ನಮ್ಮ ಕಡೆ ತಿರುಗಿ "ನುಚ್ಚು. ಒಂಬತ್ತೂವರೆಗೆ" ಅಂದರು.