ಅದು ಮೊಟ್ಟೆಯಲ್ಲ ಮಾರಾಯ್ರೇ

ಶಿರಸಿಯಿರಲಿ, ಕಾರವಾರವಿರಲಿ, ವಿಶ್ವದ ಬಗ್ಗೆ ನಾನು ಮಾತಾಡುವಾಗ, ವಿಶ್ವದ ಅತಿ ಹಳೆಯ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಆ ನೀಲಿ-ಕೇಸರಿ ಕಲೆಗಳ ಚಿತ್ರ ಪರದೆಗೆ ಬಂದದ್ದೇ ಸಭೆಯಲ್ಲಿ ಯಾರೋ ಒಬ್ಬರು ಎದ್ದು ನಿಲ್ಲುತ್ತಾರೆ. "ನೋಡಿ, ಬ್ರಹ್ಮಾಂಡ! ಮೊಟ್ಟೆ ಆಕಾರ ಅಂತ ಹಿರಿಯರು ಆಗಲೇ ಹೇಳಿರಲಿಲ್ವಾ?"

ಆ ಚಿತ್ರ ವಿಶ್ವವನ್ನು ಹೊರಗಿನಿಂದ ನೋಡಿದ್ದಲ್ಲ. ನಮ್ಮ ಸುತ್ತಲಿನ ಆಕಾಶವನ್ನು ಒಳಗಿನಿಂದ ನೋಡಿದ್ದು. ಚಕ್ಕೋತದ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ ಹಾಸಿದರೆ ಹರಿಯುತ್ತದೆ. ಹರಿಯದಂತೆ ಹಾಸುವ ಲೆಕ್ಕ ನಕ್ಷೆ ಮಾಡುವವರ ಹತ್ತಿರ ಇದೆ. ಆ ಲೆಕ್ಕದಲ್ಲಿ ಅಂಚು ಮೊಟ್ಟೆಯಂತೆ ಬರುತ್ತದೆ, ಅಷ್ಟೇ. ಶಾಲೆಯ ಗೋಡೆಯ ಭೂಪಟ ನೋಡಿ ಭೂಮಿಗೆ ನಾಲ್ಕು ಮೂಲೆ ಇದೆ ಅಂತೀರಾ?

"ಹಾಗಾದರೆ ಗೋಳ" ಅನ್ನುತ್ತಾರೆ. ಅದೂ ಅಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಬೈಕ್ ನಿಲ್ಲಿಸಿ ನೋಡಿ. ಇಪ್ಪತ್ತು ಮಾರು ಕಾಣುತ್ತದೆ, ಆಚೆ ಮಂಜಿನ ಬಿಳಿ ಗೋಡೆ. ಗೋಡೆ ದುಂಡಗಿದೆ, ನಡುವೆ ನೀವು. ಅಷ್ಟಕ್ಕೇ ಘಟ್ಟ ದುಂಡಗಾಯಿತಾ? ಹತ್ತು ಹೆಜ್ಜೆ ನಡೆದರೆ ಗೋಡೆಯೂ ನಿಮ್ಮ ಜೊತೆ ನಡೆಯುತ್ತದೆ. ಪ್ಲಾಂಕ್ ಚಿತ್ರದಲ್ಲಿರುವ ಹಿನ್ನೆಲೆ ವಿಕಿರಣ, ಅಂದರೆ ಎಲ್ಲ ದಿಕ್ಕಿನಿಂದಲೂ ಬರುವ ಆ ಹಳೆಯ ಬೆಳಕು, ಅದೂ ಅಂಥದೇ ಗೋಡೆ. ವಿಶ್ವಕ್ಕೆ ಸುಮಾರು 3,80,000 ವರ್ಷ ಆಗುವವರೆಗೆ ಬೆಳಕು ಎಲೆಕ್ಟ್ರಾನ್‌ಗಳಿಗೆ ಡಿಕ್ಕಿ ಹೊಡೆಯುತ್ತ ಅಲ್ಲಲ್ಲೇ ಚದುರುತ್ತಿತ್ತು. ಆಮೇಲೆ ತಿಳಿಯಾಯಿತು. ಆಗ ಹೊರಟ ಬೆಳಕು ಈಗ 2.7 ಕೆಲ್ವಿನ್‌ಗೆ (ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್) ತಣಿದು, ಮೈಕ್ರೋವೇವ್ ಆಗಿ ಬರುತ್ತಿದೆ.

ಆಕಾರದ ಸುಳಿವಿರುವುದು ಗೋಡೆಯ ಮೇಲಿನ ಕಲೆಗಳಲ್ಲಿ. ಬಿಸಿ ಕಲೆಗೂ ತಣ್ಣನೆಯ ಕಲೆಗೂ ವ್ಯತ್ಯಾಸ ಲಕ್ಷದಲ್ಲಿ ಒಂದು ಪಾಲಿನಷ್ಟು. ಅವುಗಳ ನಿಜವಾದ ಗಾತ್ರ ಲೆಕ್ಕದಿಂದ ಗೊತ್ತು. ನಡುವಿನ ಜಾಗವೇ ಬಾಗಿದ್ದರೆ ಅವು ಹೆಚ್ಚು ದೊಡ್ಡದಾಗಿಯೋ ಚಿಕ್ಕದಾಗಿಯೋ ಕಾಣಬೇಕಿತ್ತು. ಕಂಡದ್ದು ಸುಮಾರು 1 ಡಿಗ್ರಿ, ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು. ಅಂದರೆ ಜಾಗ ಬಾಗಿಲ್ಲ. ನಮ್ಮ ಅಳತೆಗೆ ಸಿಕ್ಕುವಷ್ಟು ಬಾಗಿಲ್ಲ ಅಂತ ಓದಿಕೊಳ್ಳಿ.

ಬಾಗಿಲ್ಲ ಅಂದಮಾತ್ರಕ್ಕೆ ಕೊನೆಯಿಲ್ಲ ಅಂತಲೂ ಅಲ್ಲ. ಒಂದು ಕಡೆ ಹೊರಟು ಇನ್ನೊಂದು ಕಡೆಯಿಂದ ವಾಪಸ್ ಬರುವ ವಿಶ್ವವೂ ಇರಬಹುದು. ಅದು ಸಾಕಷ್ಟು ಚಿಕ್ಕದಾಗಿದ್ದರೆ ಆಕಾಶದಲ್ಲಿ ಒಂದೇ ಥರದ ಕಲೆಗಳಿರುವ ಜೋಡಿ ವೃತ್ತಗಳು ಸಿಗಬೇಕು. 2003ರಲ್ಲಿ ಲುಮಿನೆ ಎಂಬ ಫ್ರೆಂಚ್ ವಿಜ್ಞಾನಿಯ ತಂಡ ಹನ್ನೆರಡು ಮುಖಗಳ, ತುಸುವೇ ಬಾಗಿದ ಅಂಥ ವಿಶ್ವವನ್ನೇ ಮುಂದಿಟ್ಟಿತ್ತು. ನನಗೆ ಬಹಳ ಇಷ್ಟವಾದ ಕಲ್ಪನೆ. ವೃತ್ತಗಳು ಮಾತ್ರ ಇನ್ನೂ ಸಿಕ್ಕಿಲ್ಲ.

ಶಿರಸಿಯಲ್ಲಿ ಒಮ್ಮೆ ಇಷ್ಟೂ ಕೇಳಿಸಿಕೊಂಡ ಅಡಿಕೆ ತೋಟದ ಅಜ್ಜ ಒಬ್ಬರು ಕಷಾಯ ಕುಡಿಯುತ್ತ ಕೇಳಿದರು: "ಮಂಜು ಸರಿದ್ರೆ ಘಟ್ಟ ಕಾಣ್ತು. ಇದು ಯಾವಾಗ ಸರಿತು ತಮಾ?"

ಮೊಟ್ಟೆ ಬಿಟ್ಟು ಬಂದ ಮೊದಲ ಪ್ರಶ್ನೆ! ಪಕ್ಕದಲ್ಲೇ ಕೂತೆ. ಆಚೆಯ ಬೆಳಕು ಇನ್ನೂ ದಾರಿಯಲ್ಲಿದೆ ಅಜ್ಜ, ಅಂದೆ.