ಒಂದು ಬೆರಳಿಗೆ 91, ಬಾಜೂ ಬೆರಳಿಗೆ 97: ಯಾವುದು ಖರೆ?

ಪ್ರಶ್ನೆ: "ನಮ್ಮ ಅವ್ವಗ ದಮ್ಮು ಐತ್ರಿ. ಬೆರಳಿಗೆ ಹಾಕೋ ಆಕ್ಸಿಮೀಟರ್ ಒಂದ್ ಬೆರಳಿಗೆ 91 ತೋರಸ್ತೈತಿ, ಬಾಜೂ ಬೆರಳಿಗೆ 97. ಬೆಂಗಳೂರಾಗಿರೋ ತಮ್ಮ ದಿನಾ ಫೋನ್ ಮಾಡಿ ನಂಬರ್ ಕೇಳ್ತಾನ. ಯಾವ್ದು ಹೇಳ್ಬೇಕ್ರಿ?" (ಹುಬ್ಬಳ್ಳಿಯ ಕೇಶ್ವಾಪುರದಿಂದ ಒಬ್ಬ ಓದುಗರು)

ಕೋವಿಡ್ ಹೊತ್ತಿನಲ್ಲಿ ಕೊಂಡ ಆಕ್ಸಿಮೀಟರ್ ಈಗಲೂ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಹಾಗಾಗಿ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಯಾವ ಬೆರಳಲ್ಲಿ ನಾಡಿ ಚೆನ್ನಾಗಿ ಸಿಕ್ಕಿದೆಯೋ ಆ ಬೆರಳಿನ ನಂಬರ್ ನಂಬಿ. ಅದು 97 ಆಗಿರಬಹುದು, 91 ಕೂಡ ಆಗಿರಬಹುದು. ದೊಡ್ಡ ನಂಬರ್ ಬಂದ ಬೆರಳನ್ನೇ ಹುಡುಕಿ ಹುಡುಕಿ ತಮ್ಮನಿಗೆ ಹೇಳಿದರೆ ತಮ್ಮನಿಗೆ ಸಮಾಧಾನ ಆಗುತ್ತದೆ, ಅವ್ವಗೆ ಉಪಯೋಗ ಇಲ್ಲ.

ನಾಡಿಗೂ ಆಮ್ಲಜನಕಕ್ಕೂ ಏನು ಸಂಬಂಧ ಅಂತ ಕೇಳಬಹುದು. ಮಷಿನ್ ತೋರಿಸುವ 91, 97 ಅಂದರೆ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಆಮ್ಲಜನಕ ಹೊತ್ತಿದೆ ಅನ್ನುವ ಲೆಕ್ಕ. ಆದರೆ ನಿಜ ಹೇಳಬೇಕೆಂದರೆ ಈ ಮಷಿನ್ ಆಮ್ಲಜನಕವನ್ನು ಮುಟ್ಟುವುದೇ ಇಲ್ಲ. ಅದು ನೋಡುವುದು ರಕ್ತದ ಬಣ್ಣ.

ಇವತ್ತು ರಾತ್ರಿ ಕರೆಂಟ್ ಹೋದರೆ ಮೊಬೈಲ್ ಟಾರ್ಚ್ ಮೇಲೆ ಬೆರಳ ತುದಿ ಒತ್ತಿಟ್ಟು ನೋಡಿ. ಟಾರ್ಚ್ ಬೆಳಕು ಬಿಳಿ, ಆದರೆ ಬೆರಳು ಹೊಳೆಯುವುದು ಕೆಂಪಗೆ. ನೀಲಿ, ಹಸಿರು ಬೆಳಕನ್ನು ರಕ್ತ ನುಂಗಿಬಿಡುತ್ತದೆ, ಕೆಂಪು ಮಾತ್ರ ಆಚೆ ಬರುತ್ತದೆ. ಎಷ್ಟು ಕೆಂಪು ಆಚೆ ಬರುತ್ತದೆ ಅನ್ನುವುದರಲ್ಲೇ ಎಲ್ಲ ಗುಟ್ಟು ಇದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತಿದ್ದಾಗ ಕೆಂಪು ಬೆಳಕನ್ನು ಸುಲಭವಾಗಿ ಬಿಡುತ್ತದೆ. ಆಮ್ಲಜನಕ ಇಳಿಸಿ ಖಾಲಿಯಾದ ಮೇಲೆ ಅದೇ ಬೆಳಕನ್ನು ಹೆಚ್ಚುಕಡಿಮೆ ಹತ್ತು ಪಟ್ಟು ಜಾಸ್ತಿ ಹೀರುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಲೆಕ್ಕ ತಿರುಗುಮುರುಗು: ಅಲ್ಲಿ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನೇ ಸ್ವಲ್ಪ ಜಾಸ್ತಿ ಹೀರುತ್ತದೆ. ಅದಕ್ಕೇ ಆಕ್ಸಿಮೀಟರ್‌ನ ಒಂದು ದವಡೆಯಲ್ಲಿ ಎರಡು ಪುಟ್ಟ ಎಲ್‌ಇಡಿ ಇರುತ್ತವೆ. ಒಂದು ಸುಮಾರು 660 ನ್ಯಾನೊಮೀಟರ್‌ನ ಕೆಂಪು, ಇನ್ನೊಂದು ಸುಮಾರು 940ರ ಇನ್‌ಫ್ರಾರೆಡ್. ಎದುರು ದವಡೆಯಲ್ಲಿ ಬೆಳಕು ಅಳೆಯುವ ಸೆನ್ಸರ್. ಎರಡೂ ದೀಪ ಸೆಕೆಂಡಿಗೆ ನೂರಾರು ಸಲ ಸರದಿ ಮೇಲೆ ಹತ್ತಿ ಆರುತ್ತವೆ. ನಡುವೆ ಎರಡನ್ನೂ ಆರಿಸಿ ಕೋಣೆಯ ಬೆಳಕು ಎಷ್ಟಿದೆ ಅಂತಲೂ ನೋಡಿ ಕಳೆಯುತ್ತದೆ.

ಹಾವೇರಿ ಕಡೆಯವರಿಗೆ ಇದು ಹೊಸದೇನಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ರೇಟು ಬರುವುದೇ ಬಣ್ಣದಿಂದ, ಅಲ್ವಾ? ಲ್ಯಾಬಿನಲ್ಲಿ ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಆ ಬಣ್ಣದ ನೀರಿನ ಮೂಲಕ 460 ನ್ಯಾನೊಮೀಟರ್ ಬೆಳಕು ಹಾಯಿಸಿ, ಎಷ್ಟು ನುಂಗಿತು ಅಂತ ನೋಡಿ ಬಣ್ಣದ ಅಂಕಿ ಕೊಡುತ್ತಾರೆ. ಭೌತಶಾಸ್ತ್ರದ ನಿಯಮ ಎರಡೂ ಕಡೆ ಒಂದೇ.

ಆದರೆ ಲ್ಯಾಬಿನ ಗಾಜಿನ ಕೊಳವೆಯಲ್ಲಿ ಬಣ್ಣ ಬಿಟ್ಟು ಬೇರೇನೂ ಇರುವುದಿಲ್ಲ. ಬೆರಳಲ್ಲಿ ಚರ್ಮ, ಎಲುಬು, ಉಗುರು, ಮಾಂಸ ಎಲ್ಲ ಇದೆ. ರಕ್ತದಲ್ಲೂ ಎರಡು ಥರ: ಹೃದಯದಿಂದ ತಾಜಾ ಬರುವುದು ಒಂದು, ಆಮ್ಲಜನಕ ಇಳಿಸಿ ವಾಪಸ್ ಹೋಗುವುದು ಇನ್ನೊಂದು. ನಮಗೆ ಬೇಕಾಗಿರುವುದು ಬರೀ ತಾಜಾ ರಕ್ತದ ಬಣ್ಣ. ಅದನ್ನು ಬೇರೆ ಮಾಡುವುದು ಹೇಗೆ? ಹೆಚ್ಚು ಕಾಲ ವಿಜ್ಞಾನಿಗಳನ್ನು ಕಾಡಿದ್ದು ಇದೇ.

ದಾರಿ ಸಿಕ್ಕಿದ್ದು ಜಪಾನಿನಲ್ಲಿ, ಅದೂ ಬೇರೆ ಏನನ್ನೋ ಹುಡುಕುವಾಗ. ನಿಹೊನ್ ಕೊಡೆನ್ ಕಂಪನಿಯ ಎಂಜಿನಿಯರ್ ಟಕುವೊ ಅವೊಯಾಗಿ ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಅಂತ ಅಳೆಯಲು ಹೊರಟಿದ್ದರು. ರಕ್ತಕ್ಕೆ ಒಂದು ಬಣ್ಣ ಸೇರಿಸಿ, ಅದು ತೆಳುವಾಗುತ್ತ ಹೋಗುವುದನ್ನು ಕಿವಿಯ ಮೂಲಕ ಬೆಳಕು ಹಾಯಿಸಿ ನೋಡುವ ವಿಧಾನ ಅದು. ಆದರೆ ಪ್ರತಿ ನಾಡಿಬಡಿತಕ್ಕೂ ಗೆರೆ ಕುಣಿಯುತ್ತಿತ್ತು. ಆ ಕುಣಿತವನ್ನು ಅಳಿಸಲು ಅವರು ಎರಡನೇ ಬಣ್ಣದ ಬೆಳಕು ಹಾಕಿದರು. ಅಳಿಸಿತು ಕೂಡ. ಆದರೆ ರಕ್ತದಲ್ಲಿ ಆಮ್ಲಜನಕ ಇಳಿದಾಗೆಲ್ಲ ಲೆಕ್ಕ ತಪ್ಪಿ ಕುಣಿತ ಮತ್ತೆ ಹಾಜರ್! ಅವೊಯಾಗಿ ಆಗ ಪ್ರಶ್ನೆಯನ್ನೇ ತಿರುಗಿಸಿದರು. ಪ್ರತಿ ಬಡಿತಕ್ಕೆ ಉಬ್ಬುವುದು ತಾಜಾ ರಕ್ತದ ನಾಳ ಮಾತ್ರ. ಚರ್ಮ, ಎಲುಬು ಅಲುಗುವುದಿಲ್ಲ. ಹಾಗಾದರೆ ಅಲುಗುವ ಭಾಗವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೆ ತಾಜಾ ರಕ್ತದ ಬಣ್ಣ ತಾನಾಗಿಯೇ ಸಿಗುತ್ತದೆ. 1974ರಲ್ಲಿ ಅವರು ಇದನ್ನು ಜಗತ್ತಿನ ಮುಂದಿಟ್ಟರು. ಬಡವ ಬಲ್ಲಿದ ಅನ್ನದೆ ಎಲ್ಲರೂ ಆಕ್ಸಿಮೀಟರ್‌ಗೆ ಮುಗಿಬಿದ್ದ ಕೋವಿಡ್ ಕಾಲದಲ್ಲೇ, 2020ರ ಏಪ್ರಿಲ್‌ನಲ್ಲಿ, ಅವರು ತೀರಿಕೊಂಡರು.

ಈಗ ನಿಮ್ಮ ಅವ್ವನ ಬೆರಳಿಗೆ ಬರೋಣ. ಸೆನ್ಸರ್‌ಗೆ ತಲುಪುವ ಬೆಳಕಿನಲ್ಲಿ ಹೀಗೆ ಅಲುಗುವ ಭಾಗ ಸುಮಾರಾಗಿ ಶೇಕಡಾ 1 ಅಥವಾ 2 ಮಾತ್ರ. ಅಷ್ಟೇ ಅಷ್ಟು! ಮಷಿನ್ ತೋರಿಸುವ ನಂಬರ್ ನಿಂತಿರುವುದು ಅದರ ಮೇಲೆ. ಬಟ್ಟೆ ಒಗೆದು ಕೈ ತಣ್ಣಗಾಗಿದ್ದರೆ ಬೆರಳಿಗೆ ರಕ್ತ ಕಡಿಮೆ ಬರುತ್ತದೆ, ಈ ಅಲುಗಾಟ ಇನ್ನೂ ಸಣ್ಣದಾಗುತ್ತದೆ. ಕೈ ನಡುಗಿದರೆ ನಡುಕವನ್ನೇ ನಾಡಿ ಅಂದುಕೊಳ್ಳುತ್ತದೆ. ಅದೇ ತೋಳಿಗೆ ಬಿಪಿ ಪಟ್ಟಿ ಬಿಗಿದಿದ್ದರೆ ಕೇಳುವುದೇ ಬೇಡ. ಇಲ್ಲೊಂದು ಮಜಾ ಇದೆ: ಕೆಂಪು, ಇನ್‌ಫ್ರಾರೆಡ್ ಎರಡರಲ್ಲೂ ಅಲುಗಾಟ ಸಮಸಮ ಬಂದರೆ ಮಷಿನ್‌ನ ಲೆಕ್ಕದಲ್ಲಿ ಅದು ಸುಮಾರು 85. ಕೈ ಸುಮ್ನೆ ಅಲುಗಿದಾಗ ಆಗುವುದು ಹೆಚ್ಚಾಗಿ ಇದೇ. ಆರಾಮಾಗಿ ಮಾತಾಡುತ್ತ ಕೂತವರ ಬೆರಳಿಗೆ ಇದ್ದಕ್ಕಿದ್ದಂತೆ 85 ಬಂದರೆ ಗಾಬರಿಯಾಗುವ ಮೊದಲು ಕೈ ನೋಡಿ.

ಉಗುರಿಗೆ ಕಪ್ಪು, ಗಾಢ ನೀಲಿ ಪಾಲಿಶ್ ಇದ್ದರೆ ತೆಗೆಯಿರಿ. ಮದುವೆ ಮುಗಿಸಿ ಬಂದ ಕೈಯಲ್ಲಿ ಮೆಹಂದಿ ಇದ್ದರೆ? ಕೆಂಪು ಮೆಹಂದಿಯಿಂದ ಅಷ್ಟು ತೊಂದರೆ ಇಲ್ಲ. ಕಡುಗಪ್ಪು ಮೆಹಂದಿ ಬೆಳಕನ್ನೇ ತಡೆದುಬಿಡಬಹುದು, ಮೆಹಂದಿ ಇಲ್ಲದ ಬೆರಳು ಹುಡುಕಿ.

ಹಾಗಾದರೆ ಮಾಡಬೇಕಾದ್ದು ಇಷ್ಟು. ಅವ್ವ ಐದು ನಿಮಿಷ ಸುಮ್ಮನೆ ಕೂರಲಿ. ಕೈ ಬೆಚ್ಚಗಿರಲಿ, ಎದೆಯ ಮಟ್ಟದಲ್ಲಿ ಮೇಜಿನ ಮೇಲೆ ಊರಿಕೊಂಡಿರಲಿ. ತೋರುಬೆರಳು ಇಲ್ಲವೆ ನಡುಬೆರಳಿಗೆ ಹಾಕಿ. ಬಿಸಿಲು ನೇರವಾಗಿ ಬೀಳದಿರಲಿ. ಮೊದಲು ಬರುವ ನಂಬರ್ ಬಿಟ್ಟುಬಿಡಿ, ಒಂದು ನಿಮಿಷ ಕಾಯಿರಿ. ಆಮೇಲೆ ಇನ್ನೊಂದು ಕೆಲಸ, ಯಾರೂ ಮಾಡದ್ದು: ಮಷಿನ್ ನಾಡಿಬಡಿತದ ನಂಬರನ್ನೂ ತೋರಿಸುತ್ತದಲ್ಲ, ಅವ್ವನ ಮಣಿಕಟ್ಟು ಹಿಡಿದು ಅರ್ಧ ನಿಮಿಷ ನಾಡಿ ಎಣಿಸಿ ಎರಡರಿಂದ ಗುಣಿಸಿ. ಎರಡೂ ಹೊಂದಿದರೆ ಆ ಬೆರಳನ್ನು ನಂಬಬಹುದು. ಕೈಯಲ್ಲಿ 80, ಮಷಿನ್‌ನಲ್ಲಿ 130 ಅಂದರೆ ಪಕ್ಕದ ಆಮ್ಲಜನಕದ ನಂಬರ್ ಕೂಡ ಗಾಳಿಮಾತು. 2021ರಲ್ಲಿ ಪೆನ್ನು ಸಿಕ್ಕಿಸಿದರೂ 98 ತೋರಿಸುವ ಖೊಟ್ಟಿ ಮಷಿನ್‌ಗಳ ವಿಡಿಯೊ ಓಡಾಡಿದ್ದು ನೆನಪಿರಬಹುದು. ಅಂಥವೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು.

ಎಲ್ಲ ಸರಿ ಇದ್ದರೂ ಒಂದು ಮಿತಿ ಉಳಿಯುತ್ತದೆ. ಬೆಳಕಿನ ಲೆಕ್ಕವನ್ನು ಶೇಕಡಾಕ್ಕೆ ತಿರುಗಿಸುವ ಪಟ್ಟಿ ಮಷಿನ್ ಒಳಗಿದೆ. ಆ ಪಟ್ಟಿ ಮಾಡಿದ್ದು ಆರೋಗ್ಯವಂತ ಜನರಿಗೆ ಕಡಿಮೆ ಆಮ್ಲಜನಕದ ಗಾಳಿ ಉಸಿರಾಡಿಸಿ, ಜೊತೆಗೇ ರಕ್ತ ತೆಗೆದು ಹೋಲಿಸಿ. ಅವರನ್ನು ಸುಮಾರು 70ಕ್ಕಿಂತ ಕೆಳಗೆ ಇಳಿಸುವುದಿಲ್ಲ, ಹಾಗಾಗಿ ಅದಕ್ಕಿಂತ ಕೆಳಗಿನ ನಂಬರ್ ಬರೀ ಅಂದಾಜು. ಮೇಲಿನ ನಂಬರ್‌ಗಳಲ್ಲೂ ಆಚೀಚೆ ಇರುತ್ತದೆ: ಮಷಿನ್ 90 ಅಂದರೆ ನಿಜವಾದದ್ದು ಸಾಮಾನ್ಯವಾಗಿ 86ರಿಂದ 94ರ ನಡುವೆ ಅಂತ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. 91, 92ರ ನಡುವಿನ ಜಗ್ಗಾಟಕ್ಕೆ ಅರ್ಥವಿಲ್ಲ ಅನ್ನುವುದು ಇದಕ್ಕೇ.

ಕಪ್ಪು ಚರ್ಮದ ಮಾತು ನಮಗೂ ಬೇಕಾದದ್ದು. 2020ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಒಂದು ವರದಿ ಬಂತು. ಮಷಿನ್ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಬಂದದ್ದು ಬಿಳಿಯ ರೋಗಿಗಳ ಅಳತೆಗಳಲ್ಲಿ ಶೇಕಡಾ 3.6, ಕಪ್ಪು ರೋಗಿಗಳಲ್ಲಿ 11.7. ಅಂದರೆ ಚರ್ಮದ ಬಣ್ಣ ಕಪ್ಪಾದಷ್ಟೂ ಮಷಿನ್ ಸುಳ್ಳು ಧೈರ್ಯ ಹೇಳುವ ಸಾಧ್ಯತೆ ಜಾಸ್ತಿ. ಉಸಿರು ಏದುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ ಮಷಿನ್ 96 ಅಂದರೂ ದವಾಖಾನೆಗೆ ಹೊರಡಿ.

ಇನ್ನೆರಡು ಕಡೆ ಇದು ಪೂರಾ ಮೋಸ ಮಾಡುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನ ಮಾಡುವವರಿಗೆ ಕಾರ್ಬನ್ ಮೊನಾಕ್ಸೈಡ್ ಅಪಾಯ ಇದೆ. ಆ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಹಿಮೋಗ್ಲೋಬಿನ್ ಹಿಡಿಯುತ್ತದೆ, ರಕ್ತವನ್ನು ಕೆಂಪಗೇ ಇಡುತ್ತದೆ. ಮನುಷ್ಯ ಎಚ್ಚರ ತಪ್ಪಿ ಬಿದ್ದಿದ್ದರೂ ಮಷಿನ್ 98 ಅನ್ನಬಹುದು. ಎರಡನೆಯದು ರಕ್ತಹೀನತೆ. ಮಷಿನ್ ಹೇಳುವುದು ಶೇಕಡಾ, ಪ್ರಮಾಣ ಅಲ್ಲ. ಹಿಮೋಗ್ಲೋಬಿನ್ 14 ಇದ್ದವರಿಗೂ 98, 7 ಇದ್ದವರಿಗೂ 98. ಆದರೆ ಮೊದಲನೆಯವರ ಪ್ರತಿ 100 ಮಿಲಿಲೀಟರ್ ರಕ್ತ ಸುಮಾರು 18 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ, ಎರಡನೆಯವರದ್ದು ಬರೀ 9. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವವರು ಎಷ್ಟಿದ್ದಾರೆ ಅಂತ ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಅವ್ವನ ದಮ್ಮಿನ ವಿಷಯ. ಅಸ್ತಮಾ ಬೇರೆ, ವರ್ಷಗಟ್ಟಲೆ ಒಲೆಯ ಹೊಗೆ ಅಥವಾ ಬೀಡಿಯಿಂದ ಬಂದ ಹಳೆ ದಮ್ಮು ಬೇರೆ. ಈ ಹಳೆ ದಮ್ಮಿನವರಲ್ಲಿ ಕೆಲವರಿಗೆ ಡಾಕ್ಟರು 88ರಿಂದ 92 ಇದ್ದರೆ ಸಾಕು ಅಂತಲೇ ಗುರಿ ಇಡುತ್ತಾರೆ. ಅವರಿಗೆ ಮನೆಯಲ್ಲೇ ಆಕ್ಸಿಜನ್ ಜಾಸ್ತಿ ಹಚ್ಚಿ 98ಕ್ಕೆ ಏರಿಸಿದರೆ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಟ್ಟಿಕೊಂಡು ಮಂಪರು ಬರಬಹುದು. ಹಾಗಾಗಿ ಮುಂದಿನ ಸಲ ದವಾಖಾನೆಗೆ ಹೋದಾಗ "ನಮ್ಮ ಅವ್ವಗ ಎಷ್ಟು ಇರಬೇಕ್ರಿ ಸರ್?" ಅಂತ ಕೇಳಿ ಬರೆದುಕೊಳ್ಳಿ. ನಿಮ್ಮ ಮಷಿನನ್ನೂ ಒಯ್ದು ಅಲ್ಲಿಯದರ ಜೊತೆ ಒಂದೇ ಹೊತ್ತಿಗೆ ಹಾಕಿ ನೋಡಿ. ಅನುಮಾನ ಇದ್ದರೆ ಅವರು ಮಣಿಕಟ್ಟಿನ ನಾಳದಿಂದ ರಕ್ತ ತೆಗೆದು ನೋಡುತ್ತಾರೆ. ಅದು ಸ್ವಲ್ಪ ನೋಯುತ್ತದೆ, ಆದರೆ ಕಾರ್ಬನ್ ಡೈಆಕ್ಸೈಡ್ ಲೆಕ್ಕವೂ ಅದರಲ್ಲೇ ಸಿಗುತ್ತದೆ. ತಮ್ಮನಿಗೆ ಬೇಕಾದರೆ ದಿನಕ್ಕೆ ಎರಡು ಸಲ, ಒಂದೇ ಬೆರಳು, ಒಂದೇ ಹೊತ್ತು, ನಾಡಿಬಡಿತದ ಸಮೇತ ಬರೆದ ಹಾಳೆಯ ಫೋಟೊ ಕಳಿಸಿ.